ಹಕ್ಕಿಗಳು ಹೊರಡುವುದಕ್ಕೂ ಒಂದು ಸರದಿ ಇದೆ

ನದಿ ಹೆಪ್ಪುಗಟ್ಟಿದ ಕೂಡಲೇ ನೀರುಹಕ್ಕಿಗಳೆಲ್ಲ ದಕ್ಷಿಣಕ್ಕೆ ಹಾರಿಹೋಗುತ್ತವೆ ಅಂತ ಒಂದು ಲೇಖನದಲ್ಲಿ ಓದಿದೆ. ಹಾಗಲ್ಲ. ಅಮೆರಿಕದ ಮಿನ್ನೆಸೋಟ-ವಿಸ್ಕಾನ್ಸಿನ್ ರಾಜ್ಯಗಳ ನಡುವಿನ ಮಿಸಿಸಿಪ್ಪಿ ನದಿಯಲ್ಲಿ ಮೊದಲು ಗಟ್ಟಿಯಾಗುವುದು ಆಳವಿಲ್ಲದ ಹಿನ್ನೀರು. ಕತ್ತು ಮುಳುಗಿಸಿ ಕೆಸರಿನ ಗೆಡ್ಡೆ ಕೀಳುವ ಟಂಡ್ರಾ ಹಂಸಗಳಿಗೆ ಅಲ್ಲೇ ಊಟ. ಹಾಗಾಗಿ ಅವು ಬೇಗ ಜಾಗ ಖಾಲಿ ಮಾಡುತ್ತವೆ. ಮುಳುಗಿ ಬೇಟೆಯಾಡುವ ಮರ್ಗ್ಯಾನ್ಸರ್, ಗೋಲ್ಡನ್‌ಐ ಬಾತುಗಳು ಹರಿವು ಇರುವಲ್ಲಿ ಉಳಿದುಬಿಡುತ್ತವೆ. ಡಿಸೆಂಬರಿನಲ್ಲಿ ಅಣೆಕಟ್ಟಿನ ಕೆಳಗೆ ಹುಡುಕಿ; ಗೇಟಿನಿಂದ ಧುಮುಕುವ ನೀರು ಸದಾ ಕದಡುವುದರಿಂದ ಅಲ್ಲಿ ಮಂಜುಗಡ್ಡೆ ಸುಲಭಕ್ಕೆ ಕಟ್ಟುವುದಿಲ್ಲ.

ಗಲ್‌ಗಳನ್ನು (ಕಡಲಕ್ಕಿಗಳನ್ನು) ಗುರುತಿಸಲು ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಈಜುವಾಗ ಕಾಣದ ಕಾಲು, ಮಂಜುಗಡ್ಡೆಯ ಅಂಚಿನಲ್ಲಿ ನಿಂತಾಗ ಸ್ಪಷ್ಟವಾಗಿ ಕಾಣುತ್ತದೆ. ಬಲಿತ ರಿಂಗ್‌ಬಿಲ್ಡ್ ಗಲ್‌ಗೆ ಹಳದಿ ಕಾಲು, ಕೊಕ್ಕಿನ ತುದಿಯ ಹತ್ತಿರ ಕಪ್ಪು ಪಟ್ಟಿ. ಹೆರಿಂಗ್ ಗಲ್ ಅದಕ್ಕಿಂತ ದೊಡ್ಡದು, ಗುಲಾಬಿ ಕಾಲು, ಕೆಳಕೊಕ್ಕಿನಲ್ಲಿ ಕೆಂಪು ಚುಕ್ಕೆ. ಪಕ್ಕದಲ್ಲಿ ನಿಂತ ಕಂದು ಹಕ್ಕಿಯನ್ನು ಬೇರೆ ಜಾತಿ ಅಂದುಕೊಳ್ಳಬೇಡಿ. ಅದು ಎಳೆಯ ಹೆರಿಂಗ್ ಗಲ್ ಇರಬಹುದು; ಅದಕ್ಕೆ ಪೂರ್ತಿ ಬಣ್ಣ ಬರಲು ಸುಮಾರು 4 ವರ್ಷ ಬೇಕು.

ಕಾರಿನ ಹೀಟರ್ ಹಾಕಿಕೊಂಡು ಕಿಟಕಿಯಿಂದ ಸ್ಕೋಪ್ (ಹಕ್ಕಿ ನೋಡುವ ದೂರದರ್ಶಕ) ಹಿಡಿದರೆ ಬಿಸಿಗಾಳಿ ತಣ್ಣನೆ ಗಾಳಿಗೆ ಬೆರೆತು ಚಿತ್ರ ನಡುಗುತ್ತದೆ. ಹೊರಗೆ ನಿಂತೇ ನೋಡಿ. ಆದರೆ ದಡ ಬಿಟ್ಟು ಮಂಜುಗಡ್ಡೆಯ ಮೇಲೆ ಕಾಲಿಡಬೇಡಿ, ಹರಿಯುವ ನೀರಿನ ಮೇಲೆ ಅದರ ದಪ್ಪ ಎಲ್ಲೆಡೆ ಒಂದೇ ಸಮ ಇರುವುದಿಲ್ಲ.