ಎಚ್‌ಪಿ ಕೇಳಿದ್ದು ಸಾಕು, ಬ್ರೇಕ್ ಫ್ಲೂಯಿಡ್ ಯಾವಾಗ ಬದಲಿಸಿದ್ದು ಹೇಳಿ

ಬೆಳಿಗ್ಗೆ ಫೋನ್ ತೆಗೆದರೆ ಮತ್ತೊಂದು ಡೈನೋ ಶೀಟ್, ಅಂದರೆ ಎಂಜಿನ್ ಪವರ್ ಅಳೆಯುವ ಯಂತ್ರದ ವರದಿ. ಸ್ಟೇಜ್ 2 ಮಾಡಿಸಿದ (ಎಂಜಿನ್ ಸಾಫ್ಟ್‌ವೇರೂ ಕೆಲವು ಭಾಗಗಳೂ ಬದಲಿಸಿ ಪವರ್ ಏರಿಸಿದ) ಕಾರು, ಕೆಳಗೆ ಬೆಂಕಿ ಇಮೋಜಿಗಳ ಸಾಲು. ಒಬ್ಬ ಹುಡುಗ ಮಾತ್ರ ಕೇಳಬೇಕಾದ್ದನ್ನು ಕೇಳಿದ್ದ: "ಅಣ್ಣಾ, ಇದರಿಂದ ಟ್ರ್ಯಾಕ್‌ನಲ್ಲಿ ಎಷ್ಟು ಸೆಕೆಂಡ್ ಕಮ್ಮಿ ಆಗುತ್ತೆ?" ಬಂದ ಉತ್ತರ: "ಎಚ್‌ಪಿ ನೋಡು ಗುರು, ಲ್ಯಾಪ್ ಟೈಮ್ ತಾನಾಗೇ ಬರುತ್ತೆ."

ಬರೋದಿಲ್ಲ. ತಾನಾಗೇ ಅಂತೂ ಖಂಡಿತ ಬರೋದಿಲ್ಲ. ನನ್ನ ಗೋಡೆ ಓದುವವರಿಗೆ ಈ ಜಗಳ ಹೊಸದಲ್ಲ. ಆದರೂ ಈ ಸಲ ಲೆಕ್ಕ ಸಮೇತ ಬರೀತೀನಿ. ಆ ಉತ್ತರವನ್ನು ನಂಬಿ ದುಡ್ಡೆಲ್ಲ ಎಂಜಿನ್‌ಗೆ ಸುರಿದು, ಮೂರು ವರ್ಷದ ಹಳೇ ಬ್ರೇಕ್ ಫ್ಲೂಯಿಡ್‌ನಲ್ಲೇ ಬೆಂಗಳೂರಿನಿಂದ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ ಹೊರಡುವ ಹುಡುಗರನ್ನು ನೆನೆಸಿಕೊಂಡರೆ ನನಗೆ ಸಿಟ್ಟಿಗಿಂತ ಭಯ ಜಾಸ್ತಿ ಆಗುತ್ತೆ.

ಮೊದಲು ಎಲ್ಲರೂ ಒಪ್ಪುವ ಜಾಗ, ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ನಾರ್ಡ್‌ಶ್ಲೈಫೆ ಟ್ರ್ಯಾಕ್. 2013ರ ಸೆಪ್ಟೆಂಬರ್‌ನಲ್ಲಿ ಪೋರ್ಷೆ 918 ಸ್ಪೈಡರ್ ಅಲ್ಲಿ 20.6 ಕಿಮೀ ಸುತ್ತನ್ನು 6:57ರಲ್ಲಿ (6 ನಿಮಿಷ 57 ಸೆಕೆಂಡ್) ಮುಗಿಸಿತು. ಎಂಜಿನ್ನೂ ಮೋಟರುಗಳೂ ಸೇರಿ 887 ಪಿಎಸ್ (ಪಿಎಸ್ ಅಂದರೆ ಹೆಚ್ಚುಕಮ್ಮಿ ಎಚ್‌ಪಿಯೇ), ನಾಲ್ಕೂ ಚಕ್ರಕ್ಕೆ ಪವರ್. ಎಂಟು ವರ್ಷ ಬಿಟ್ಟು, 2021ರಲ್ಲಿ, ಅದೇ ಕಂಪನಿಯ 911 ಜಿಟಿ3 ಬಂತು. ಟರ್ಬೊ ಇಲ್ಲ, ಮೋಟರ್ ಇಲ್ಲ, 510 ಪಿಎಸ್, ಹಿಂದಿನ ಎರಡು ಚಕ್ರಕ್ಕೆ ಮಾತ್ರ ಪವರ್. ಅದೇ ದೂರಕ್ಕೆ 6:55.34. ಅಂದರೆ 377 ಪಿಎಸ್ ಕಮ್ಮಿ ಇಟ್ಟುಕೊಂಡು ಒಂದೂವರೆ ಸೆಕೆಂಡಿಗಿಂತ ಬೇಗ ಬಂತು. 918ರ ತೂಕ 1,640 ಕೆಜಿ ಆಸುಪಾಸು, ಜಿಟಿ3ದು 1,435. ಆ 200 ಕೆಜಿ ಒಂದು ಕಾರಣ. ಉಳಿದದ್ದು ಮುಂದಿನ ಚಕ್ರವನ್ನು ಎರಡು ತೋಳುಗಳಲ್ಲಿ ಹಿಡಿಯುವ ಡಬಲ್ ವಿಶ್‌ಬೋನ್ ಸಸ್ಪೆನ್ಷನ್, ಕಾರನ್ನು ನೆಲಕ್ಕೆ ಒತ್ತುವ ವಿಂಗ್, ಎಂಟು ವರ್ಷದಲ್ಲಿ ಟೈರ್ ಕಂಡ ಪ್ರಗತಿ.

"ಎಂಟು ವರ್ಷದ ಅಂತರ ಇದೆಯಲ್ಲ" ಅನ್ನುವವರಿಗೆ ಇನ್ನೊಂದು. 911 ಜಿಟಿ2 ಆರ್‌ಎಸ್, 700 ಪಿಎಸ್, 2017ರಲ್ಲಿ ಲಾರ್ಸ್ ಕೆರ್ನ್ ಓಡಿಸಿದಾಗ 6:47. ಮರುವರ್ಷ ಮಾಂಟೈ ರೇಸಿಂಗ್ ತಂಡ ಅದೇ ಮಾದರಿಯ ಕಾರಿನ ಸಸ್ಪೆನ್ಷನ್ ಮತ್ತು ಏರೋ (ಗಾಳಿಯನ್ನು ಬಳಸಿ ಕಾರನ್ನು ನೆಲಕ್ಕೆ ಒತ್ತುವ ಭಾಗಗಳು) ಮೇಲೆ ಕೆಲಸ ಮಾಡಿತು, ಎಂಜಿನ್ ಪವರ್ ಅಷ್ಟೇ ಇತ್ತು. ಡ್ರೈವರ್ ಕೂಡ ಅದೇ ಕೆರ್ನ್. ಬಂದದ್ದು 6:40. ಸುಮಾರು ಏಳು ಸೆಕೆಂಡ್, ಒಂದು ಎಚ್‌ಪಿಯೂ ಸೇರಿಸದೆ!

ನಡುವೆ ಒಂದು ಎಚ್ಚರಿಕೆ, ಏಕೆಂದರೆ ಇದನ್ನು ಕಲಸಿಕೊಂಡು ವಾದ ಮಾಡುವವರು ಬಹಳ. ನಾರ್ಡ್‌ಶ್ಲೈಫೆಯಲ್ಲಿ ಎರಡು ಉದ್ದಗಳಿವೆ: ಹಳೆಯ 20.6 ಕಿಮೀ ಲೆಕ್ಕ, ಈಗಿನ ಅಧಿಕೃತ 20.832 ಕಿಮೀ ಲೆಕ್ಕ. ಮೇಲೆ ಹೇಳಿದ ಅದೇ ಜಿಟಿ3 ಅದೇ ಸುತ್ತಿನಲ್ಲಿ ಪೂರ್ತಿ ಉದ್ದಕ್ಕೆ ತೆಗೆದುಕೊಂಡದ್ದು 6:59.927. ಹೆಚ್ಚುಕಮ್ಮಿ ನಾಲ್ಕೂವರೆ ಸೆಕೆಂಡ್ ವ್ಯತ್ಯಾಸ. ಎರಡು ಕಾರುಗಳ ಟೈಮ್ ಪಕ್ಕಪಕ್ಕ ಇಡುವ ಮೊದಲು ಉದ್ದ ಒಂದೇನಾ ಅಂತ ನೋಡಿ.

ಈಗ ಪೂರ್ತಿ ಉದ್ದದ್ದೇ ಎರಡು. ಟೆಸ್ಲಾ ಮಾಡೆಲ್ ಎಸ್ ಪ್ಲೇಡ್, ಸಾವಿರಕ್ಕೂ ಹೆಚ್ಚು ಎಚ್‌ಪಿ, 2.1 ಟನ್‌ಗಿಂತ ಜಾಸ್ತಿ ತೂಕ, ಟ್ರ್ಯಾಕ್ ಪ್ಯಾಕೇಜಿನ ಸೆರಾಮಿಕ್ ಬ್ರೇಕ್ ಹಾಕಿಕೊಂಡು 2023ರಲ್ಲಿ 7:25.231. ರೆನೋ ಮೆಗಾನ್ ಆರ್‌ಎಸ್ ಟ್ರೋಫಿ-ಆರ್, ಮುಂದಿನ ಚಕ್ರಕ್ಕೆ ಮಾತ್ರ ಪವರ್ ಹೋಗುವ ಕಾರು, 300 ಪಿಎಸ್, ಸುಮಾರು 1,300 ಕೆಜಿ, 2019ರಲ್ಲಿ 7:45.389. 700ಕ್ಕೂ ಹೆಚ್ಚು ಎಚ್‌ಪಿ ವ್ಯತ್ಯಾಸಕ್ಕೆ ಸಿಕ್ಕಿದ್ದು 20 ಸೆಕೆಂಡ್, ಅದೂ 20 ಕಿಮೀ ದಾಟಿದ ಸುತ್ತಿನಲ್ಲಿ. ರೆನೋದವರು ಆ ಕಾರಿಗೆ ಪವರ್ ಸೇರಿಸಲೇ ಇಲ್ಲ. ಹಿಂದಿನ ಸೀಟು ಕಿತ್ತರು, ಹಿಂಚಕ್ರ ತಿರುಗಿಸುವ ವ್ಯವಸ್ಥೆಯನ್ನೇ ತೆಗೆದುಹಾಕಿದರು, ಮಾಮೂಲಿ ಟ್ರೋಫಿಗಿಂತ 130 ಕೆಜಿ ಇಳಿಸಿದರು.

ಇದೆಲ್ಲ ದೊಡ್ಡ ಕಂಪನಿಗಳ ಆಟ, ನಮಗೇನು ಅನ್ನಬೇಡಿ. ಒಂದು ತಿರುವು, ಅದರ ಮುಂದೆ ಒಂದು ನೇರ ದಾರಿ, ಇಷ್ಟೇ ತೆಗೆದುಕೊಂಡು ಲೆಕ್ಕ ಹಾಕೋಣ. ತಿರುವು 100 ಮೀಟರ್ ತ್ರಿಜ್ಯದ್ದು, 90 ಡಿಗ್ರಿ. ನೇರ ದಾರಿ 700 ಮೀಟರ್. ಕಾರು 1,400 ಕೆಜಿ, ಚಕ್ರಕ್ಕೆ ತಲುಪುವ ಪವರ್ 190 ಕಿಲೋವ್ಯಾಟ್. ಗಾಳಿಯ ಅಡ್ಡಿಯನ್ನು ಸದ್ಯಕ್ಕೆ ಬಿಡಿ.

ಟೈರ್ 1 ಜಿ, ಅಂದರೆ ಕಾರಿನ ತೂಕದಷ್ಟೇ ಅಡ್ಡ ಬಲ, ತಡೆದುಕೊಂಡರೆ ಆ ತಿರುವಿನಲ್ಲಿ 113 ಕಿಮೀ ವೇಗ, ಹಿಡಿಯುವ ಸಮಯ 5.02 ಸೆಕೆಂಡ್. ಪವರ್ 10% ಜಾಸ್ತಿ ಮಾಡಿ: ತಿರುವಿನಲ್ಲಿ ಲಾಭ ಸೊನ್ನೆ, ನೇರದಲ್ಲಿ 0.3 ಸೆಕೆಂಡ್. ಪವರ್ ಮುಟ್ಟದೆ ತೂಕವನ್ನು 10% ಇಳಿಸಿ: ನೇರದಲ್ಲೇ 0.34. ಎರಡನ್ನೂ ಬಿಟ್ಟು ಗ್ರಿಪ್ 10% ಜಾಸ್ತಿ ಮಾಡಿ: ತಿರುವಿನಲ್ಲಿ 118 ಕಿಮೀ, ಅಲ್ಲೇ 0.23 ಉಳಿತಾಯ. ಆ 5 ಕಿಮೀ ಹೆಚ್ಚಿನ ವೇಗ ನೇರ ದಾರಿಯ ತುದಿಯವರೆಗೂ ಜೊತೆಗೆ ಬರುವುದರಿಂದ ಇನ್ನೂ 0.19. ಒಟ್ಟು 0.42. ಬ್ರೇಕ್ ತಡವಾಗಿ ಹಿಡಿಯಬಹುದಾದ ಲಾಭವನ್ನು ನಾನು ಸೇರಿಸಿಯೇ ಇಲ್ಲ. ಒಂದು ಟ್ರ್ಯಾಕ್‌ನಲ್ಲಿ 700 ಮೀಟರ್ ನೇರ ಎಷ್ಟಿರುತ್ತೆ, ತಿರುವು ಎಷ್ಟಿರುತ್ತೆ, ನೀವೇ ಎಣಿಸಿ. ಕೊಯಮತ್ತೂರಿನ ಕರಿ ಸ್ಪೀಡ್‌ವೇ ಇಡೀ ಸುತ್ತು 2.1 ಕಿಮೀ. ಅಲ್ಲಿ ಎಚ್‌ಪಿ ಬಿಚ್ಚಿ ಓಡಿಸಲು ಜಾಗ ಎಲ್ಲಿದೆ?

ನನಗೆ ನಿಜವಾಗಿ ಹೊಟ್ಟೆ ಉರಿಯುವ ವಿಷಯ ಬ್ರೇಕು. ಎಂಜಿನ್ ಸೇರಿಸಿದ ವೇಗವನ್ನೆಲ್ಲ ಮುಂದಿನ ತಿರುವಿಗೆ ಮೊದಲು ಬ್ರೇಕ್ ನುಂಗಬೇಕು, ಶಾಖವಾಗಿ. ಡ್ರೈವರ್ ಸೇರಿ 1,300 ಕೆಜಿಯ ಕಾರನ್ನು 160ರಿಂದ 80ಕ್ಕೆ ಇಳಿಸಿದರೆ ಹುಟ್ಟುವ ಶಾಖ ಸುಮಾರು 960 ಕಿಲೋಜೌಲ್. ಅದರಲ್ಲಿ 70% ಮುಂದಿನ ಎರಡು ಡಿಸ್ಕ್‌ಗೆ ಅಂದುಕೊಳ್ಳಿ. ಒಂದೊಂದು 7 ಕೆಜಿ ಕಬ್ಬಿಣ ಆದರೆ ಆ ಒಂದೇ ಬ್ರೇಕಿಗೆ ಡಿಸ್ಕ್ 100 ಡಿಗ್ರಿಗಿಂತ ಜಾಸ್ತಿ ಬಿಸಿ ಏರುತ್ತೆ. ಆರುವುದರೊಳಗೆ ಮುಂದಿನ ತಿರುವು ಬಂದಿರುತ್ತೆ. ಈಗ ಹೊಸ ಮ್ಯಾಪ್‌ನಿಂದ (ಪವರ್ ಏರಿಸುವ ಎಂಜಿನ್ ಸಾಫ್ಟ್‌ವೇರ್) 160ರ ಬದಲು 170ರಲ್ಲಿ ಬರುತ್ತೀರಿ ಅನ್ನಿ. ವೇಗ ಏರಿದ್ದು 6%, ಶಾಖ ಏರುವುದು 17%. ಸಮಯ ಉಳಿದದ್ದು ಸೆಕೆಂಡಿನ ಒಂದು ಚೂರು.

ಅದಾದ ಮೇಲೆ ಏನಾಗುತ್ತೆ? ಎರಡು ಥರ ಕೆಡುತ್ತೆ, ಎರಡನ್ನೂ ಕಾಲಿನಲ್ಲೇ ಗುರುತಿಸಬಹುದು. ಪೆಡಲ್ ಕಲ್ಲಿನಂತೆ ಗಟ್ಟಿ ಇದ್ದು ಕಾರು ನಿಲ್ಲದಿದ್ದರೆ ಪ್ಯಾಡ್ ತಾನು ತಾಳುವ ತಾಪಮಾನ ಮೀರಿದೆ. ಪೆಡಲ್ ಮೆತ್ತಗಾಗಿ ನೆಲದ ಕಡೆ ಇಳಿದರೆ ಫ್ಲೂಯಿಡ್ ಕುದಿದು ಆವಿಯ ಗುಳ್ಳೆ ಬಂದಿದೆ. ಎರಡನೆಯದು ಹೆಚ್ಚು ಅಪಾಯ. ಡಾಟ್ 4 ಫ್ಲೂಯಿಡ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಅನ್ನೋದು ನಿಯಮ. ಅದೇ ಫ್ಲೂಯಿಡ್ ಗಾಳಿಯ ತೇವ ಹೀರಿಕೊಂಡ ಮೇಲೆ ಆ ಮಿತಿ 155. ನಮ್ಮ ಮಳೆಗಾಲಗಳಲ್ಲಿ ಅದು ತೇವ ಹೀರದೆ ಇರುತ್ತಾ? ಒಂದು ಲೀಟರ್ ಒಳ್ಳೆಯ ಫ್ಲೂಯಿಡ್, ನಾಲ್ಕೂ ಕ್ಯಾಲಿಪರ್ ಬ್ಲೀಡ್ ಮಾಡಿಸುವ (ಹಳೇ ಫ್ಲೂಯಿಡ್ ಹೊರಹಾಕಿಸುವ) ಕೂಲಿ. ಮ್ಯಾಪ್‌ಗೆ ಕೊಟ್ಟ ದುಡ್ಡಿನಲ್ಲಿ ಇದು ಮೂಲೆಗೂ ಸಾಲದ ಖರ್ಚು. ಇದನ್ನು ಮಾಡಿಸದೆ ಟ್ರ್ಯಾಕಿಗೆ ಇಳಿಯುವವರನ್ನು ಪಿಟ್‌ನಲ್ಲೇ ತಡೆಯಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಇನ್ನು ಆ ಡೈನೋ ಶೀಟಿನ ಎಚ್‌ಪಿ ಕೂಡ ಕೊನೆಯವರೆಗೆ ಉಳಿಯಲ್ಲ. ಡೈನೋದಲ್ಲಿ ದೊಡ್ಡ ಫ್ಯಾನ್ ಮುಂದಿಟ್ಟು ಕೆಲವೇ ಸೆಕೆಂಡ್ ಎಳೆಯುತ್ತಾರೆ. ಚೆನ್ನೈ ಬಿಸಿಲಲ್ಲಿ ಸತತ ಸುತ್ತು ಹೊಡೆದರೆ ಟರ್ಬೊ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಕಾದು, ಒಳಗೆ ಹೋಗುವ ಗಾಳಿ ಬಿಸಿಯಾಗಿ, ನಾಕ್ (ಇಂಧನ ಅಡ್ಡಾದಿಡ್ಡಿ ಸಿಡಿಯುವುದು) ತಪ್ಪಿಸಲು ಎಂಜಿನ್ ಕಂಪ್ಯೂಟರ್ ಆದ ಇಸಿಯು ತಾನೇ ಇಗ್ನಿಷನ್ ಟೈಮಿಂಗ್ ಹಿಂದೆ ಎಳೆದು ಪವರ್ ಇಳಿಸುತ್ತೆ. ಪೋಲೊ, ವರ್ಟಸ್ ಥರದ ಮುಂಚಕ್ರದ ಕಾರುಗಳಲ್ಲಿ ಇನ್ನೊಂದು ತೊಂದರೆ. ಒಂದು ಚಕ್ರ ಜಾರಿದರೆ ಪವರನ್ನು ಇನ್ನೊಂದಕ್ಕೆ ಕಳಿಸುವ ಮೆಕ್ಯಾನಿಕಲ್ ಎಲ್‌ಎಸ್‌ಡಿ ಇಲ್ಲ, ತಿರುವಿನಿಂದ ಹೊರಬರುವಾಗ ಹಗುರಾದ ಒಳಚಕ್ರ ಸುಮ್ಮನೆ ತಿರುಗುತ್ತೆ, ಅದನ್ನು ಹಿಡಿಯಲು ಎಲೆಕ್ಟ್ರಾನಿಕ್ಸ್ ಬ್ರೇಕನ್ನೇ ಬಳಸುತ್ತೆ. ಮೊದಲೇ ಕಾದ ಮುಂದಿನ ಬ್ರೇಕ್ ಇನ್ನೂ ಕಾಯುತ್ತೆ. ಸೇರಿಸಿದ ಪವರ್ ಟೈರ್ ಹೊಗೆಗೂ ಬ್ರೇಕ್ ಶಾಖಕ್ಕೂ ಹೋಯಿತು.

ಹ್ಯಾಂಡ್ಲಿಂಗ್ ಅಂದ ಕೂಡಲೇ ಲೋವರಿಂಗ್ ಸ್ಪ್ರಿಂಗ್ ಹಾಕಿ ಕಾರನ್ನು ನೆಲಕ್ಕೆ ಕೂರಿಸುವವರು ಇನ್ನೊಂದು ಗುಂಪು. 1,400 ಕೆಜಿ ಕಾರು, ಗುರುತ್ವ ಕೇಂದ್ರ ಅರ್ಧ ಮೀಟರ್ ಎತ್ತರ, ಚಕ್ರಗಳ ನಡುವೆ 1.55 ಮೀಟರ್. 1 ಜಿ ತಿರುವಿನಲ್ಲಿ ಒಳಗಿನ ಚಕ್ರಗಳಿಂದ ಹೊರಗಿನವಕ್ಕೆ ದಾಟುವ ಭಾರ 452 ಕೆಜಿ. 20 ಮಿಲಿಮೀಟರ್ ಇಳಿಸಿದರೆ ಅದು 434 ಆಗುತ್ತೆ, ಅಷ್ಟೇ. ಆದರೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಒಂದೇ ಕೆಳಗಿನ ತೋಳಿನ ಸಾಮಾನ್ಯ ಸಸ್ಪೆನ್ಷನ್) ಇರುವ ಕಾರನ್ನು ಮಿತಿ ಮೀರಿ ಇಳಿಸಿದರೆ ಕೆಳಗಿನ ಆರ್ಮ್ ಚಕ್ರದ ಕಡೆಗೆ ಮೇಲ್ಮುಖವಾಗಿ ನಿಲ್ಲುತ್ತೆ, ರೋಲ್ ಸೆಂಟರ್ (ಕಾರು ವಾಲುವಾಗ ತಿರುಗುವ ಬಿಂದು) ಗುರುತ್ವ ಕೇಂದ್ರಕ್ಕಿಂತ ಬೇಗ ಕೆಳಗಿಳಿಯುತ್ತೆ, ಕಾರು ಮೊದಲಿಗಿಂತ ಜಾಸ್ತಿ ವಾಲಲು ನೋಡುತ್ತೆ. ಸಸ್ಪೆನ್ಷನ್ ತನ್ನ ಕೊನೆಯ ರಬ್ಬರ್ ತಡೆಗೆ (ಬಂಪ್‌ಸ್ಟಾಪ್‌ಗೆ) ಬಡಿದ ಗಳಿಗೆಯಲ್ಲಿ ಮುಂದಿನ ಟೈರ್ ಹಿಡಿತ ಬಿಡುತ್ತೆ. ಅದರ ಬದಲು ಕ್ಯಾಂಬರ್ ಪ್ಲೇಟ್ ಹಾಕಿಸಿ ಮುಂದೆ ಎರಡು ಡಿಗ್ರಿ ನೆಗೆಟಿವ್ ಕೊಡಿ (ಚಕ್ರದ ಮೇಲ್ತುದಿ ಒಳಗೆ ವಾಲಲಿ), ಟೈರ್‌ನ ಹೊರ ಅಂಚು ಸವೆಯುವುದು ಕಮ್ಮಿಯಾಗುತ್ತೆ, ತಿರುವಿನಲ್ಲಿ ಕಾರಿನ ಮೂತಿ ಒಳಗೆ ಬರುತ್ತೆ. ಹಿಂದೆ ವಾಲುವುದನ್ನು ತಡೆಯುವ ದಪ್ಪ ಆಂಟಿರೋಲ್ ಬಾರ್ ಹಾಕಿದರೆ ಭಾರ ದಾಟುವುದರಲ್ಲಿ ಹಿಂದಿನ ಪಾಲು ಹೆಚ್ಚಾಗಿ ಅಂಡರ್‌ಸ್ಟೀರ್ (ಮೂತಿ ತಿರುವಿನ ಹೊರಗೆ ಜಾರುವುದು) ಇನ್ನೂ ಕಮ್ಮಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಗೊತ್ತಾಗಲ್ಲ.

"ಹಾಗಾದರೆ ಎಎಂಜಿ ಒನ್ ಹೇಗೆ ರೆಕಾರ್ಡ್ ಮಾಡಿತು? ಸಾವಿರ ಪಿಎಸ್ ಇಲ್ಲವಾ?" ಈ ಪ್ರಶ್ನೆ ಬಂದೇ ಬರುತ್ತೆ. ಇದೆ, ಮರ್ಸಿಡಿಸ್‌ನ ಆ ಕಾರಿಗೆ 1,063 ಪಿಎಸ್, 2024ರಲ್ಲಿ ಪೂರ್ತಿ ಉದ್ದಕ್ಕೆ 6:29.090. ನಾರ್ಡ್‌ಶ್ಲೈಫೆಯಲ್ಲಿ ಡಾಟಿಂಗರ್ ಹೋಹೆ ಅನ್ನುವ ಎರಡು ಕಿಮೀಗೂ ಮೀರಿದ ನೇರ ಇದೆ, ಅಲ್ಲಿ ಪವರ್ ಬೇಕೇ ಬೇಕು. ನಮ್ಮ ದೇಶದಲ್ಲೂ ಬುದ್ಧ್ ಸರ್ಕ್ಯೂಟ್‌ನಲ್ಲಿ ಒಂದು ಕಿಮೀ ದಾಟಿದ ನೇರ ಇದೆ. ಆದರೆ ಅದೇ ನಾರ್ಡ್‌ಶ್ಲೈಫೆಯ ಪೂರ್ತಿ ಉದ್ದವನ್ನು 911 ಜಿಟಿ3 ಆರ್‌ಎಸ್ 525 ಪಿಎಸ್‌ನಲ್ಲಿ 6:49.328ಕ್ಕೆ ಮುಗಿಸಿದೆ. 285 ಕಿಮೀ ವೇಗದಲ್ಲಿ ಅದನ್ನು ಗಾಳಿ 860 ಕೆಜಿ ಬಲದಿಂದ ನೆಲಕ್ಕೆ ಒತ್ತುತ್ತೆ, ತೂಕ ಮಾತ್ರ 1,450ರಲ್ಲೇ ನಿಂತಿರುತ್ತೆ. ದುಪ್ಪಟ್ಟು ಪವರ್‌ಗೆ ಸಿಕ್ಕಿದ್ದು 20 ಸೆಕೆಂಡ್, ಅದರಲ್ಲೂ ಎಎಂಜಿಯ ಏರೋ ಪಾಲು ದೊಡ್ಡದು. ಹಾಗಾಗಿ ಈ ಉದಾಹರಣೆ ಸ್ಟೇಜ್ 2 ವರ್ಟಸ್‌ಗೆ ಆಧಾರ ಆಗಲ್ಲ.

ಕೇಳಿದ್ದ ಆ ಹುಡುಗನಿಗೆ ನನ್ನ ಉತ್ತರ. ತಮ್ಮಾ, ಮೊದಲು ಬ್ರೇಕ್ ಫ್ಲೂಯಿಡ್ ಮತ್ತು ಪ್ಯಾಡ್. ಆಮೇಲೆ ಟೈರ್. ಆಮೇಲೆ ಅಲೈನ್‌ಮೆಂಟ್. ತೂಕ ಇಳಿಸಲು ದುಡ್ಡೇ ಬೇಡ: ಪಕ್ಕದ ಸೀಟಿನ ಗೆಳೆಯ 70 ಕೆಜಿ, ಸ್ಟೆಪ್ನಿ ಮತ್ತು ಜ್ಯಾಕ್ 15ರಿಂದ 20, ಬೇಡದ 25 ಲೀಟರ್ ಪೆಟ್ರೋಲ್ ಸುಮಾರು 19. ನೂರು ಕೆಜಿ ಕೆಳಗಿಳಿಯಿತು, ಬ್ರೇಕ್ ಶಾಖವೂ ಅಷ್ಟೇ ಪಾಲು ಇಳಿಯಿತು. ಟ್ಯಾಂಕ್ ಪೂರಾ ಬರಿದು ಮಾಡಬೇಡ, ಉದ್ದ ತಿರುವಿನಲ್ಲಿ ಪೆಟ್ರೋಲ್ ಒಂದು ಕಡೆ ಸರಿದು ಪಂಪ್ ಗಾಳಿ ಎಳೆಯುತ್ತೆ. ಟೈರ್ ಒಳಗಿನ ಗಾಳಿ 40 ಡಿಗ್ರಿ ಬಿಸಿಯಾದರೆ ಒತ್ತಡ 6 ಪಿಎಸ್‌ಐ ಏರುತ್ತೆ. ತಣ್ಣಗಿದ್ದಾಗ 30 ಇದ್ದದ್ದು ಪಿಟ್‌ಗೆ ಬಂದಾಗ 36. ಬಂದ ಕೂಡಲೇ ಅಳತೆ ಮಾಡಿ ಇಳಿಸು. ಟೈರ್ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆದಿಟ್ಟಿದ್ದರೆ ಎಲ್ಲಿಯವರೆಗೆ ಉಜ್ಜಿದೆ ಅಂತ ಕಣ್ಣಿಗೇ ಕಾಣುತ್ತೆ. ಮೊದಲ ಸೆಷನ್ ಆದ ಮೇಲೆ ಚಕ್ರ ತಣ್ಣಗಾಗಲು ಬಿಟ್ಟು, ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ ಮತ್ತೆ ನೋಡು. ಪ್ರತಿ ಸೆಷನ್ನಿನ ಕೊನೆಯ ಸುತ್ತು ನಿಧಾನಕ್ಕೆ, ಬ್ರೇಕ್ ಆದಷ್ಟೂ ಮುಟ್ಟದೆ. ಪಿಟ್‌ನಲ್ಲಿ ಹ್ಯಾಂಡ್‌ಬ್ರೇಕ್ ಎಳೆಯಬೇಡ, ಕಾದ ಪ್ಯಾಡ್ ಕಾದ ಡಿಸ್ಕ್‌ಗೆ ಅಂಟಿ ಅಚ್ಚು ಬಿದ್ದರೆ ಆಮೇಲೆ ಪ್ರತಿ ಬ್ರೇಕಿಗೂ ಕಾರು ಅದುರುತ್ತೆ. ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಒಂದು ಅಡೆ ಕೊಡು.