ಅಕ್ಕಿಕಾಳು ಬೀಳುವ ಬ್ಯಾಗು

ಹುಬ್ಬಳ್ಳಿ-ಧಾರವಾಡದ ಕಲ್ಯಾಣ ಮಂಟಪಗಳಲ್ಲಿ ಈಚೆಗೆ ನಡೆದ ಮದುವೆಗಳನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಹೋದವರು ಬಹಳ, ಉಂಡು ಎಲೆಯಡಿಕೆ ಹಾಕಿಕೊಂಡು ಬಂದವರು ಅದಕ್ಕಿಂತಲೂ ಬಹಳ. ಆದರೆ ತಾಳಿ ಕಟ್ಟಿದ್ದನ್ನು ನೋಡಿದೆನೆಂದು ಆಣೆ ಮಾಡಿ ಹೇಳುವವರು ಸಿಗುವುದಿಲ್ಲ. ಮಂಗಳಾಷ್ಟಕ ಮುಗಿದು 'ಸಾವಧಾನ' ಎಂಬ ಮಾತು ಭಟ್ಟರ ಬಾಯಿಂದ ಹೊರಟದ್ದೇ ತಡ, ಮದುಮಕ್ಕಳಿಗೂ ನಮಗೂ ನಡುವೆ ಐದಾರು ಕಪ್ಪು ಬ್ಯಾಗುಗಳು ಬಂದು ಕೋಟೆಯ ಹಾಗೆ ನಿಂತುಬಿಡುತ್ತವೆ. ನಾವು ಎಸೆದ ಅಕ್ಕಿಕಾಳು ಮದುಮಕ್ಕಳ ತಲೆಯನ್ನು ಮುಟ್ಟುವುದೇ ಇಲ್ಲ. ಅರ್ಧ ದಾರಿಯಲ್ಲಿ ಯಾವುದೋ ಬ್ಯಾಗಿನ ತೆರೆದ ಜಿಪ್ಪಿನೊಳಗೆ ಬಿದ್ದು ಆಶೀರ್ವಾದ ಅಲ್ಲಿಯೇ ಫಲಿಸುತ್ತದೆ. ನಮ್ಮ ಭಾಗದಲ್ಲಿ ಕ್ಯಾಮೆರಾ ಬ್ಯಾಗುಗಳ ಸಂತಾನ ಈ ಪರಿ ಬೆಳೆದದ್ದಕ್ಕೆ ಬೇರೆ ಕಾರಣ ನನಗಂತೂ ತೋಚುತ್ತಿಲ್ಲ.

ಆ ಐದಾರು ಬೆನ್ನುಗಳಲ್ಲಿ ಒಂದು ನನ್ನದು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಮೂರು ವರ್ಷದ ಕೆಳಗೆ ನನ್ನ ಹತ್ತಿರ ಹೆಗಲಿಗೆ ತೂಗುಹಾಕುವ ಒಂದು ಸಣ್ಣ ಚೀಲವಿತ್ತು. ಒಂದು ಕ್ಯಾಮೆರಾ, ಎರಡು ಲೆನ್ಸು, ಒಂದು ಹೆಚ್ಚಿನ ಬ್ಯಾಟರಿ ಅದರಲ್ಲಿ ಹಿಡಿಯುತ್ತಿದ್ದವು, ಬೇಕೆಂದಾಗ ಕೈಗೂ ಸಿಗುತ್ತಿದ್ದವು. ಅದು ಕೈಗೆ ಸಿಗುತ್ತಿತ್ತೇ ಹೊರತು ಜನರ ಕಣ್ಣಿಗೆ ಬೀಳುತ್ತಿರಲಿಲ್ಲ. ಮಂಟಪದ ಬಾಗಿಲಲ್ಲಿ "ಯಾರ ಕಡೆಯವರ್ರಿ ನೀವು?" ಎಂದು ಕೇಳುತ್ತಿದ್ದರು. ಅದೇ ಮನುಷ್ಯ, ಅದೇ ಕ್ಯಾಮೆರಾ, ಆದರೆ ಕುಂಡಿಯಿಂದ ನೆತ್ತಿಯವರೆಗೆ ಬರುವ ಬ್ಯಾಗನ್ನು ಹೊತ್ತು ಹೋದ ದಿನ "ಫೋಟೋದವರು ಬಂದ್ರು, ದಾರಿ ಬಿಡ್ರಿ" ಎಂಬ ಕೂಗು ಎದ್ದಿತು. ಭೂಮಿಪೂಜೆ, ಸನ್ಮಾನ, ಉದ್ಘಾಟನೆ, ಎಲ್ಲಿ ಹೋದರೂ ಇದೇ ನ್ಯಾಯ. ಒಂದು ಸಮಾರಂಭದಲ್ಲಿ ವೇದಿಕೆಯ ಅಂಚಿನಲ್ಲಿ ಗತ್ತಿನಿಂದ ನಿಂತಿದ್ದ ಒಬ್ಬರು ಊಟದ ಹೊತ್ತಿಗೆ ಬ್ಯಾಗು ತೆರೆದರು. ಒಳಗೆ ಒಂದು ರೇನ್‌ಕೋಟು ಮತ್ತು ಬುತ್ತಿ ಇದ್ದವು. ಅವರನ್ನು ಅಲ್ಲಿಂದ ಏಳಿಸುವ ಧೈರ್ಯ ಯಾರಿಗೂ ಬಂದಿರಲಿಲ್ಲ.

ಬ್ಯಾಗು ಕೊಳ್ಳಲು ಹೋದದ್ದು ಕೊಪ್ಪಿಕರ ರಸ್ತೆಗೆ. ಯಾವ ಫೋಟೋ ತೆಗೆಯುತ್ತೀರಿ, ದಿನಾ ಎಷ್ಟು ಸಾಮಾನು ಹೊರುತ್ತೀರಿ ಎಂದು ಅಂಗಡಿಯವರು ಕೇಳಬಹುದೆಂದು ನಾನು ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಡ್ರೋನ್ ಐತೇನ್ರಿ?" ಇಲ್ಲವೆಂದೆ. "ನಾಳೆ ತಗೋತೀರಿ" ಎಂದು ಹೇಳಿ, ನಾಳಿನ ಡ್ರೋನು, ನಾಡಿದ್ದಿನ ಎರಡನೆಯ ಕ್ಯಾಮೆರಾ ಮತ್ತು ಮುಂದಿನ ಜನ್ಮದ ದೊಡ್ಡ ಲೆನ್ಸು ಹಿಡಿಯುವ 32 ಖಾನೆಯ ಬ್ಯಾಗನ್ನು ನನ್ನ ಬೆನ್ನಿಗೆ ಏರಿಸಿ ಕನ್ನಡಿಯ ಮುಂದೆ ನಿಲ್ಲಿಸಿದರು. ಕನ್ನಡಿಯಲ್ಲಿ ನಾನು ಕಾಣಲಿಲ್ಲ, ಫೋಟೋಗ್ರಾಫರ್ ಕಂಡ. ಹಣ ಎಣಿಸಿ ಬಂದೆ.

ಮನೆಗೆ ಬಂದು ಲೆಕ್ಕ ಹಾಕಿದಾಗ ಬ್ಯಾಗು ಬರಿದಾಗಿಯೇ 2.5 ಕಿಲೋ ಇತ್ತು. ಕ್ಯಾಮೆರಾ ಬಾಡಿ 700 ಗ್ರಾಂ, 24-70 ಮಿಲಿಮೀಟರಿನ ಲೆನ್ಸು 900 ಗ್ರಾಂ, 70-200ರದು 1.5 ಕಿಲೋ, ಫ್ಲ್ಯಾಷು 400 ಗ್ರಾಂ, ಟ್ರೈಪಾಡು 1.5 ಕಿಲೋ, ಎಲ್ಲ ಕೂಡಿದರೆ 7.5 ಕಿಲೋ. ಅಂದರೆ ಹೊರೆಯ ಮೂರನೆಯ ಒಂದು ಪಾಲು ಹೊರೆಯನ್ನು ಹೊರುವುದಕ್ಕಾಗಿಯೇ ಇದೆ. ಈ ಭಾರವೆಲ್ಲ ಹೆಗಲಿಗೆ ಬೀಳದೆ ಸೊಂಟದ ಎಲುಬಿನ ಮೇಲೆ ಕೂಡಲಿ ಎಂದು ಇಂಥ ಬ್ಯಾಗುಗಳಿಗೆ ನಡುಪಟ್ಟಿ ಕೊಟ್ಟಿರುತ್ತಾರೆ. ನಮ್ಮಲ್ಲಿ ಅದನ್ನು ಬಿಗಿದುಕೊಂಡವರನ್ನು ನಾನು ಕಂಡಿಲ್ಲ. ಅದು ಎರಡೂ ಕಡೆ ಜೋತಾಡುತ್ತ, ಅವಳಿ ನಗರದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಕುಳಿತವರ ಮೊಣಕಾಲು ಬಡಿಯುವುದಕ್ಕೆ ಬಳಕೆಯಾಗುತ್ತದೆ. ಹುಬ್ಬಳ್ಳಿಯಿಂದ ಧಾರವಾಡದ 22 ಕಿಲೋಮೀಟರಿನಲ್ಲಿ ನಾನು ಹಿಂದಿರುಗಿ ನೋಡಿದ್ದು ಎರಡೇ ಸಲ, ಎರಡೂ ಸಲ ಯಾರದೋ ಕನ್ನಡಕವನ್ನು ನೆಲದಿಂದ ಹೆಕ್ಕಿ ಕೊಟ್ಟು ಕ್ಷಮೆ ಕೇಳಿದ್ದಾಯಿತು.

ಇನ್ನು ಜೋಡಿಸುವ ಮಾತು. ಬ್ಯಾಗಿನೊಳಗೆ ವೆಲ್ಕ್ರೋ ಹಚ್ಚಿದ ಸ್ಪಂಜಿನ ಅಡ್ಡಗೋಡೆಗಳು ಇರುತ್ತವೆ. ಅವನ್ನು ಕಿತ್ತು ಬೇಕಾದಲ್ಲಿ ಅಂಟಿಸಿ ಖಾನೆ ಮಾಡಿಕೊಳ್ಳಬೇಕು. ಭಾರದ ಲೆನ್ಸು ಬೆನ್ನಿಗೆ ಹತ್ತಿರ ಇರಬೇಕು, ಪದೇ ಪದೇ ಬೇಕಾಗುವುದು ಬಾಯಿಯ ಹತ್ತಿರ ಇರಬೇಕು, ಕ್ಯಾಮೆರಾಕ್ಕೆ ಲೆನ್ಸು ಹಚ್ಚಿಯೇ ಇಟ್ಟಿರಬೇಕು, ಇಷ್ಟೇ ಅದರ ಶಾಸ್ತ್ರ. ಅರ್ಧ ಗಂಟೆಯ ಕೆಲಸ. ನಾನು ಮೂರು ವಾರ ತೆಗೆದುಕೊಂಡೆ. ಗೋಡೆ ಕಿತ್ತೆ, ಹಚ್ಚಿದೆ, ಮತ್ತೆ ಕಿತ್ತೆ. ಹೊಸ ಮನೆ ಕಟ್ಟಿಸಿದವನಂತೆ ನೆರೆಯವರನ್ನು ಕರೆದು ತೋರಿಸಿದೆ. ಕೊನೆಗೆ ಬ್ಯಾಗನ್ನು ಅಂಗಾತ ಮಲಗಿಸಿ, ಎದೆ ಬಗೆದಂತೆ ತೆರೆದು, ಮೇಲಿನಿಂದ ಒಂದು ಫೋಟೋ ತೆಗೆದು ಗೆಳೆಯರಿಗೆಲ್ಲ ಕಳಿಸಿದೆ. ನನ್ನ ಯಾವ ಫೋಟೋಕ್ಕೂ ಅಷ್ಟು ಹೊಗಳಿಕೆ ಬಂದಿರಲಿಲ್ಲ. ಅದನ್ನು ತೆಗೆದದ್ದು ಮೊಬೈಲಿನಲ್ಲಿ, ಏಕೆಂದರೆ ಕ್ಯಾಮೆರಾ ಬ್ಯಾಗಿನೊಳಗೆ ಪೋಸು ಕೊಡುತ್ತ ಮಲಗಿತ್ತು.

ಇಷ್ಟು ಸಜ್ಜಾದ ಮೇಲೆ ಹಕ್ಕಿಗಳನ್ನು ಬಿಟ್ಟರೆ ಹೇಗೆ? ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ನೆಲೆಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದು ಎಲ್ಲರಿಗೂ ಗೊತ್ತು. ಚಳಿಗಾಲದಲ್ಲಿ ಮಂಗೋಲಿಯಾದ ಕಡೆಯಿಂದ ಹಿಮಾಲಯವನ್ನೇ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಬೀಡುಬಿಡುತ್ತವೆ. ನಸುಕಿನಲ್ಲಿ ಹೋಗಿ ದಂಡೆಯ ಜಾಲಿಯ ಮರೆಯಲ್ಲಿ ಕುಳಿತೆವು. ನೀರಿನ ಮೇಲೆ ತೆಳ್ಳಗೆ ಮಂಜು, ಬಿಳಿ ತಲೆಯ ಮೇಲಿನ ಎರಡು ಕಪ್ಪು ಪಟ್ಟೆ ಬರಿಗಣ್ಣಿಗೇ ಕಾಣುವಷ್ಟು ಹತ್ತಿರದಲ್ಲಿ ಒಂದು ಹಿಂಡು. ಉಸಿರು ಬಿಗಿಹಿಡಿದು ಜಿಪ್ಪನ್ನು ಒಂದೊಂದೇ ಹಲ್ಲಿನಂತೆ ಸರಿಸಿದೆ. ಆದರೆ ದೊಡ್ಡ ಲೆನ್ಸಿನ ಖಾನೆಯ ಮೇಲೆ ವೆಲ್ಕ್ರೋದ ಮುಚ್ಚಳವಿತ್ತು. ಎಷ್ಟೇ ಮೆಲ್ಲಗೆ ಎಳೆದರೂ ವೆಲ್ಕ್ರೋ ತನ್ನ ಧರ್ಮವನ್ನು ಬಿಡುವುದಿಲ್ಲ; ಹೊಸ ಧೋತರ ಹರಿದಂತೆ 'ಚರ್ರ್' ಎಂದಿತು. ಎವರೆಸ್ಟಿನ ಸೀಮೆಯ ಗಾಳಿಗೆ ಹೆದರದ ಆ ಹಕ್ಕಿಗಳು ನನ್ನ ಖಾನೆಯ ಸದ್ದಿಗೆ ಹೆದರಿ ಒಟ್ಟಿಗೆ ಎದ್ದು ಹೋದವು. ಪಕ್ಕದಲ್ಲಿ ಎಮ್ಮೆ ಕಾಯುತ್ತ ನಿಂತಿದ್ದ ಹುಡುಗ ಮಾತ್ರ ಕಿಸೆಯಿಂದ ಮೊಬೈಲು ತೆಗೆದು, ಹಾರಿದ ಹಿಂಡನ್ನು ಚೆನ್ನಾಗಿಯೇ ಹಿಡಿದ. "ಹಾರಸಿದ್ದು ಚೊಲೋ ಆತ್ರಿ ಅಣ್ಣಾರ" ಎಂದು ಉಪಕಾರ ಸ್ಮರಿಸಿದ.

ಬ್ಯಾಗಿನಿಂದ ಬಂದ ಮರ್ಯಾದೆಯ ಹಿಂದೆಯೇ ಸಂಶಯವೂ ಬರುತ್ತದೆ. ಒಂದು ಹಳೆಯ ಗುಡಿಗೆ ಹೋಗಿದ್ದೆ, ಹೆಸರು ಬೇಡ. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡು ಹೂಡಲು ಪರವಾನಿಗಿ ಬೇಕೆಂದು ಗೊತ್ತಿದ್ದುದರಿಂದ ಅದನ್ನು ಮನೆಯಲ್ಲಿಯೇ ಬಿಟ್ಟಿದ್ದೆ. ಕಾವಲುಗಾರರು ಕೈ ಅಡ್ಡ ಹಿಡಿದು "ದೊಡ್ಡ ಕ್ಯಾಮೆರಾ ನಡೆಯೂದಿಲ್ರಿ" ಎಂದರು. ಕ್ಯಾಮೆರಾವನ್ನು ಅವರು ಇನ್ನೂ ನೋಡಿರಲಿಲ್ಲ. ನಾನು ಬ್ಯಾಗನ್ನು ಇಳಿಸಿ, ಕ್ಯಾಮೆರಾ ಮತ್ತು ಇದ್ದುದರಲ್ಲಿ ದೊಡ್ಡ ಲೆನ್ಸನ್ನು ಕೈಯಲ್ಲಿ ಹಿಡಿದುಕೊಂಡು, ಬರಿದಾದ ಬ್ಯಾಗನ್ನು ಅವರ ಕುರ್ಚಿಯ ಬದಿಗೆ ಇಟ್ಟೆ. "ಹಾಂ, ಈಗ ಹೋಗ್ರಿ" ಎಂದರು. ಆ ಹೊತ್ತಿಗೆ ಲಗ್ನಕ್ಕೆ ಮುಂಚಿನ ಫೋಟೋಕ್ಕಾಗಿ ಬಂದ ಜೋಡಿಯೊಂದು, ಎರಡು ಮೊಬೈಲು, ಉಂಗುರದಂಥ ದೀಪ, ಬಣ್ಣದ ಹೊಗೆಯ ಕೊಳವೆ ಮತ್ತು ಹಾಡು ಹಚ್ಚುವ ಸ್ಪೀಕರಿನ ಸಮೇತ ನನ್ನ ಪಕ್ಕದಿಂದಲೇ ಒಳಗೆ ಹೋಯಿತು. ಅವರ ಹತ್ತಿರ ಬ್ಯಾಗು ಇರಲಿಲ್ಲ. ಎಲ್ಲವನ್ನೂ ಸೀರೆ ಅಂಗಡಿಯ ಕೈಚೀಲದಲ್ಲಿ ತಂದಿದ್ದರು.

ಧಾರವಾಡದ ಮಳೆಗಾಲದ ಸಂಗತಿಯನ್ನು ಎರಡೇ ಮಾತಿನಲ್ಲಿ ಮುಗಿಸುತ್ತೇನೆ, ಏಕೆಂದರೆ ಹೊಟ್ಟೆ ಉರಿಯುತ್ತದೆ. ಬ್ಯಾಗಿನ ಸ್ಪಂಜು ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಕತ್ತಲೆ ಬೇರೆ. ಲೆನ್ಸಿನ ಗಾಜಿಗೆ ಬೂಷ್ಟು ಹಿಡಿಯಲು ಇದಕ್ಕಿಂತ ಬೇರೇನೂ ಬೇಡ. ನನ್ನ ಹಳೆಯ ಲೆನ್ಸೊಂದನ್ನು ಅವ್ವ ರೊಟ್ಟಿಯ ಡಬ್ಬಿಯೊಳಗೆ, ಔಷಧದ ಬಾಟಲಿಯಲ್ಲಿ ಬಂದಿದ್ದ ಸಿಲಿಕಾ ಜೆಲ್ ಪುಡಿಕೆಗಳ ಜೊತೆ, 'ಕೆಲಸಕ್ಕೆ ಬಾರದ್ದು' ಎಂದು ಬಿಗಿಯಾಗಿ ಮುಚ್ಚಿಟ್ಟಿದ್ದಳು. ಅದೊಂದು ಉಳಿಯಿತು.

ಕೊನೆಯದಾಗಿ ಗೆಳೆಯನ ತಂಗಿಯ ಮದುವೆ. ಫೋಟೋ ತೆಗೆದು, ಮೆಮೊರಿ ಕಾರ್ಡನ್ನು ಭದ್ರವಾಗಿರಲೆಂದು 32 ಖಾನೆಗಳ ಪೈಕಿ ಅತ್ಯಂತ ಭದ್ರವಾದ ಒಂದರಲ್ಲಿ ಇಟ್ಟೆ. ಎಷ್ಟು ಭದ್ರವೆಂದರೆ ಆಮೇಲೆ ನನಗೂ ಸಿಗಲಿಲ್ಲ. "ಎಡಿಟಿಂಗ್ ನಡದೈತಿ" ಎಂದು ಹೇಳುತ್ತ ದಿನ ತಳ್ಳಿದೆ. ಆಕೆಯ ಕುಬುಸಕ್ಕೆ ಕರೆ ಬಂತು, ಆಗಲೂ ನಡೆದಿತ್ತು. ಮೊನ್ನೆ ಕೂಸಿನ ತೊಟ್ಟಿಲಿಗೆ ಕರೆ ಬಂದಾಗ ನನಗೇ ನಾಚಿಕೆಯಾಗಿ, ಬ್ಯಾಗಿನ ಗೋಡೆಗಳನ್ನೆಲ್ಲ ಕಿತ್ತು ಪಡಸಾಲೆಯಲ್ಲಿ ತಲೆಕೆಳಗೆ ಮಾಡಿ ಕೊಡವಿದೆ. ಒಂದು ಬೊಗಸೆಗಿಂತ ಹೆಚ್ಚು ಅರಿಶಿಣದ ಅಕ್ಕಿ ಉದುರಿತು. ಅನ್ನವನ್ನು ತುಳಿಯಬಾರದೆಂದು ಅವ್ವ ಮೊರ ತಂದು ಬಳಿದುಕೊಂಡು, ಹಸನು ಮಾಡುತ್ತ ಕುಳಿತವಳು ನಡುವೆ ಒಂದು ಕಪ್ಪು ಬಿಲ್ಲೆಯನ್ನು ಹರಳಿನಂತೆ ಆರಿಸಿ ತೆಗೆದು, "ಇದೇನೋ ತಮ್ಮಾ, ಮೊಬೈಲಿನ ಸಿಮ್ಮೇನು?" ಎಂದಳು.

ಕೂಡಲೇ ಕಂಪ್ಯೂಟರಿಗೆ ಹಾಕಿ ನೋಡಿದೆ. ಫೋಟೋಗಳೆಲ್ಲ ಇದ್ದವು. ತಾಳಿ ಕಟ್ಟುವ ಹೊತ್ತಿನವು ಒಟ್ಟು 11; ಹನ್ನೊಂದರಲ್ಲಿಯೂ ನನ್ನ ಮುಂದೆ ನಿಂತಿದ್ದವರ ಬ್ಯಾಗಿನ ಹೊಲಿಗೆ ಅಚ್ಚುಕಟ್ಟಾಗಿ ಫೋಕಸ್ ಆಗಿದೆ, ಜಿಪ್ಪಿನ ಹಲ್ಲುಗಳನ್ನು ಒಂದೊಂದಾಗಿ ಎಣಿಸಬಹುದು, ಅವುಗಳ ನಡುವೆ ಸಿಕ್ಕಿಕೊಂಡ ಎರಡು ಅಕ್ಕಿಕಾಳುಗಳೂ ಸ್ಪಷ್ಟವಾಗಿ ಬಂದಿವೆ.