ತಗಡಿನ ಕೆಳಗಿನ ತಾಯಿ

ಮೊನ್ನೆ ಸಂಜೆಯ ಗೋ ಚರ್ಚೆಯನ್ನು ನೀವೂ ನೋಡಿರುತ್ತೀರಿ. ತಪ್ಪಿಸಿಕೊಂಡಿದ್ದರೆ ಚಿಂತೆ ಬೇಡ, ಮುಂದಿನ ತಿಂಗಳು ಅದೇ ಮಂದಿ ಅದೇ ಅಂಗಿ ತೊಟ್ಟು ಮತ್ತೆ ಬರುತ್ತಾರೆ. ಪರದೆಯ ಮೇಲೆ ಆರು ಚೌಕ. ಒಂದರಲ್ಲಿ ಶಾಲು ಹೊದ್ದವರು: ಆಕಳು ತಾಯಿ. ಇನ್ನೊಂದರಲ್ಲಿ ಬಾದಾಮಿ ಹಾಲಿನವರು: ಆಕಳ ಹಾಲು ಕುಡಿಯುವುದೇ ಹಿಂಸೆ. (ಈ ಬಾದಾಮಿಗೂ ನಮ್ಮ ಬಾಗಲಕೋಟೆ ಜಿಲ್ಲೆಯ ಬಾದಾಮಿಗೂ ಸಂಬಂಧವಿಲ್ಲ. ಅಲ್ಲಿಯವರು ಎಮ್ಮಿ ಹಾಲಿನ ಗಟ್ಟಿ ಚಹಾ ಕುಡಿಯುವವರು.) ಮೂರನೆಯದರಲ್ಲಿ ವಕ್ತಾರರು, ನಾಲ್ಕನೆಯದರಲ್ಲಿ ಆ ವಕ್ತಾರರಿಗೆ ಎದುರು ವಕ್ತಾರರು. ಐದನೆಯದರಲ್ಲಿ ಹಳೆಯ ಸಿನಿಮಾ ನಟ, ಯಾಕೆಂದು ಯಾರೂ ಕೇಳಲಿಲ್ಲ. ಆರನೆಯ ಚೌಕ ರೈತನದು. ಅಥಣಿ ಕಡೆಯ ಹಳ್ಳಿಯಿಂದ ಫೋನಿನಲ್ಲಿ. ಲೈನು ಚರ್ ಚರ್ ಎಂದಿತು, ನಿರೂಪಕರು ಕಟ್ ಮಾಡಿದರು. ಹಿನ್ನೆಲೆಯಲ್ಲಿ ಸ್ವಿಟ್ಜರ್ಲೆಂಡಿನ ಹಸಿರು ಗುಡ್ಡ, ಕೊರಳಿಗೆ ಗಂಟೆ ಕಟ್ಟಿಸಿಕೊಂಡ ಆಕಳು.

ಇಡೀ ಒಂದು ತಾಸಿನಲ್ಲಿ ನೀರು ಎಂಬ ಶಬ್ದ ಒಂದೇ ಸಲ ಬಂತು. ಅದೂ ವಕ್ತಾರರು ಕುಡಿಯಲು ಕೇಳಿದ್ದು.

ಹಾಗಂತ ಗೋಹಿತಕ್ಕೆ ಈ ದೇಶ ಏನೂ ಮಾಡಿಲ್ಲ ಎಂದರೆ ನಾಲಿಗೆ ಬಿದ್ದುಹೋದೀತು. 2023ರ ಫೆಬ್ರುವರಿ 6ರಂದು ಪ್ರಾಣಿ ಕಲ್ಯಾಣ ಮಂಡಳಿಯವರು, ಪ್ರೇಮಿಗಳ ದಿನದಂದು ಆಕಳನ್ನು ಅಪ್ಪಿಕೊಳ್ಳಿ ಎಂದು ಕರೆ ಕೊಟ್ಟರು. 10ನೇ ತಾರೀಕಿಗೆ ಕರೆ ವಾಪಸ್. ನಡುವಿನ ನಾಲ್ಕು ದಿನದಲ್ಲಿ ಆಕಳ ಅಭಿಪ್ರಾಯ ಕೇಳಿದವರು ಯಾರೂ ಇಲ್ಲ. ಕರೆ ಹೋದರೂ ಉಮೇದು ಹೋಗಿಲ್ಲವಾದ್ದರಿಂದ, ಮುಂದಿನ ಸಲದವರಿಗೆ ಉಪಯೋಗವಾಗಲೆಂದು ನಾಲ್ಕು ಮಾತು.

ಆಕಳಿಗೆ ಕಣ್ಣು ತಲೆಯ ಎರಡೂ ಬದಿಗೆ. ಸುತ್ತಲಿನದೆಲ್ಲ ಕಂಡೀತು, ಬಾಲದ ನೇರ ಹಿಂದೆ ನಿಂತವರು ಮಾತ್ರ ಕಾಣುವುದಿಲ್ಲ. ಆದ್ದರಿಂದ ಹಿಂದಿನಿಂದ ಬಂದು ತಬ್ಬುವ ಸಿನಿಮಾ ಪದ್ಧತಿ ಬೇಡ. ಹೆಗಲ ಕಡೆಯಿಂದ, ಮಾತಾಡಿಸುತ್ತ, ಸಾವಕಾಶ ಬರಬೇಕು. ಬದಿಗೆ ನಿಂತೆ, ಬಚಾವಾದೆ ಎಂದುಕೊಳ್ಳಲೂಬೇಡಿ. ಕುದುರೆ ಹಿಂದಕ್ಕೆ ಒದ್ದರೆ ಆಕಳು ಕಾಲನ್ನು ಮುಂದಕ್ಕೆ ತಂದು ಬದಿಗೆ ಬೀಸುತ್ತದೆ. ಈದು ವಾರವಾಗದ ಆಕಳಿನ ಗೊಡವೆ ಬೇಡವೇ ಬೇಡ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್, ಅಂದರೆ ಕಪ್ಪು ಬಿಳಿ ಸೀಮೆ ಆಕಳು) ಆದರೆ ಪಾಪ, ಅಪ್ಪಿಸಿಕೊಂಡೀತು. ನಮ್ಮ ನಾಟಿ ತಳಿ ಖಿಲಾರಿಯ ಮಾತು ಬೇರೆ. ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನದ ಪೇಟೆಯಲ್ಲಿ ಬಿಲ್ಲಿನಂತೆ ಬಾಗಿದ ಆ ಕೋಡು ನೋಡಿದವರಿಗೆ ಗೊತ್ತು. ಮಾಲೀಕರು ಮೊದಲೇ ಹೇಳುತ್ತಾರೆ: "ದೂರ ನಿಂದರ್ರಿ ಸಾಹೇಬ್ರ, ಹೊಸಬರು ಅಂದ್ರ ಆಗಂಗಿಲ್ಲ ಅದಕ." ನಿಮ್ಮ ದೇಶಭಕ್ತಿಯ ಪ್ರಮಾಣಪತ್ರವನ್ನು ಖಿಲಾರಿ ಓದುವುದಿಲ್ಲ.

ಎಮ್ಮಿಯನ್ನು ಅಪ್ಪಿಕೊಳ್ಳುವ ದಿನ ಯಾಕಿಲ್ಲ ಎಂದು ಮಾತ್ರ ಕೇಳಬಾರದು. ಬೆಳಗಾವಿಯಲ್ಲಿ ದೀಪಾವಳಿ ಪಾಡ್ಯಕ್ಕೆ ಗವಳಿಗರು ಎಮ್ಮಿಯ ಮೈ ತೊಳೆದು, ಕೊರಳಿಗೆ ಕವಡೆ ಸರ ಹಾಕಿ, ಸೈಲೆನ್ಸರ್ ಕಿತ್ತ ಮೋಟಾರ್ ಸೈಕಲ್ಲಿನ ಹಿಂದೆ ಗಲ್ಲಿಗಲ್ಲಿ ಓಡಿಸುತ್ತಾರೆ. ಅದರ ವರ್ಷದ ಮರ್ಯಾದೆ ಅಷ್ಟಕ್ಕೇ ಮುಗಿಯಿತು. ಫ್ಯಾಟಿನ ಲೆಕ್ಕದಲ್ಲಿ ಎಮ್ಮಿ ಆಕಳಿಗಿಂತ ಎಷ್ಟೋ ಮುಂದೆ, ತಾಯ್ತನದ ಲೆಕ್ಕದಲ್ಲಿ ಹಿಂದೆ. ನಮ್ಮ 2020ರ ಗೋಹತ್ಯೆ ನಿಷೇಧ ಕಾಯ್ದೆಯೂ 13 ವರ್ಷ ದಾಟಿದ ಎಮ್ಮಿಯನ್ನು ಕೈಬಿಟ್ಟಿದೆ. ಬಣ್ಣ ಕಪ್ಪಾದರೆ ಈ ನಾಡಿನಲ್ಲಿ ತಾಯಿಯಾಗುವುದೂ ಕಷ್ಟ.

ದೇಶಿ ಆಕಳ ಹಾಲು ಹಳದಿ, ಯಾಕೆಂದರೆ ಅದರೊಳಗೆ ಚಿನ್ನವಿದೆ ಎಂಬ ಸುದ್ದಿಯಂತೂ ಹಳತಾಯಿತು. ಆಕಳ ಹಾಲಿನ ಹಳದಿ ಬರುವುದು ಹಸಿ ಮೇವಿನೊಳಗಿನ ಕ್ಯಾರೋಟಿನ್‌ನಿಂದ. ಎಮ್ಮಿ ಅದನ್ನು ಎ ಜೀವಸತ್ವವಾಗಿ ಪರಿವರ್ತಿಸಿಬಿಡುತ್ತದೆ, ಹಾಗಾಗಿ ಅದರ ಹಾಲು ಬಿಳಿ. ಹಳದಿಯೇ ಚಿನ್ನವಾದರೆ ಎಲ್ಲರಿಗಿಂತ ಹೆಚ್ಚು ಚಿನ್ನ ಕೊಡಬೇಕಾದದ್ದು ಜರ್ಸಿ, ಅಂದರೆ ವಿದೇಶಿ ಹೆಣ್ಣುಮಗಳು. ಚರ್ಚೆಯಲ್ಲಿ ಇದನ್ನು ಯಾರೂ ಎತ್ತಲಿಲ್ಲ. ಎ2 ಹಾಲಿನದೂ (ಎ1, ಎ2 ಎಂದರೆ ಹಾಲಿನ ಒಂದು ಪ್ರೋಟೀನಿನ ಎರಡು ಬಗೆ) ಇದೇ ಕತೆ: ಪ್ಯಾಕೆಟ್ಟಿನ ಮೇಲೆ ಎ1, ಎ2 ಎಂದು ಬರೆಯಬೇಡಿ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಆಗಸ್ಟ್ 21ರಂದು ಹೇಳಿತು, 26ರಂದು ಆ ಮಾತನ್ನು ತಾನೇ ನುಂಗಿತು. ಅಪ್ಪುಗೆಗಿಂತ ಒಂದು ದಿನ ಹೆಚ್ಚು ಬಾಳಿತು.

ಈಗ ನೀರು. ಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ. ಒಂದು ಲೀಟರ್ ಹಾಲು ಇಳಿಯಬೇಕಾದರೆ ನಾಲ್ಕೈದು ಲೀಟರ್ ನೀರು ಆಕಳ ಹೊಟ್ಟೆಗೆ ಹೋಗಬೇಕು. ಹನ್ನೆರಡು ಲೀಟರ್ ಕರೆಯುವ ಮಿಶ್ರತಳಿ ಆಕಳು ನಮ್ಮ ಏಪ್ರಿಲ್ಲಿನಲ್ಲಿ ದಿನಕ್ಕೆ 80ರಿಂದ 100 ಲೀಟರ್ ಕುಡಿಯುತ್ತದೆ, ಕೊಟ್ಟರೆ. ನಾವು ಕೊಡುವುದು ಮುಂಜಾನೆ ಒಂದು ಬಕೆಟ್, ಸಂಜೆ ಒಂದು. ಬಕೆಟ್ಟಿಗೆ 15 ಲೀಟರ್. ಕೇಳಿದರೆ "ನೀರ ತೋರಿಸೇವ್ರಿ" ಎನ್ನುತ್ತಾರೆ. ತೋರಿಸಿದ್ದು ನಿಜ, ಸುಳ್ಳಲ್ಲ. ಸಿಮೆಂಟಿನ ತೊಟ್ಟಿ ಇದ್ದವರು ಅದನ್ನು ಬಿಸಿಲಿಗೇ ಕಟ್ಟಿಸಿರುತ್ತಾರೆ. ಮಧ್ಯಾಹ್ನ ಅದರಲ್ಲಿ ಸ್ನಾನ ಮಾಡಬಹುದು, ಕುಡಿಯಲಾಗದು. ತೊಟ್ಟಿ ನೆರಳಿನಲ್ಲಿರಬೇಕು, ಹದಿನೈದು ದಿನಕ್ಕೊಮ್ಮೆ ಖಾಲಿ ಮಾಡಿ ತಿಕ್ಕಿ ಒಳಗೆ ಸುಣ್ಣ ಬಳಿದರೆ ಪಾಚಿ ಕಟ್ಟುವುದಿಲ್ಲ. ಖರ್ಚು ಅರ್ಧ ದಿನದ ಮೈಗೆಲಸ. ಆದರೆ ಹಾಲು ಎರಡು ಲೀಟರ್ ಇಳಿದ ಕೂಡಲೇ ನಮ್ಮವರು ತರುವುದು ಟಾನಿಕ್ಕು. ಅದಕ್ಕೂ ಬಗ್ಗದಿದ್ದರೆ ಮೆಣಸಿನಕಾಯಿ ಇಳಿಸಿ ದೃಷ್ಟಿ ತೆಗೆಯುತ್ತಾರೆ.

ಮತ್ತು ಆ ತಗಡು! ವಿಜಯಪುರದ ಬಿಸಿಲು 41, 42 ಮುಟ್ಟುವ ಊರಿನಲ್ಲಿ ಎಂಟು ಅಡಿ ಎತ್ತರಕ್ಕೆ ತಗಡು ಹೊದಿಸಿ, ಮೂರು ಕಡೆ ಗೋಡೆ ಎತ್ತಿ, ಅದರೊಳಗೆ ಎಚ್‌ಎಫ್ ಕಟ್ಟುವುದಕ್ಕೆ ಆಧುನಿಕ ಹೈನುಗಾರಿಕೆ ಎನ್ನುತ್ತಾರೆ. ಅದು ಹಾಲೆಂಡಿನ ಚಳಿಯ ಪ್ರಾಣಿ, 25 ಡಿಗ್ರಿ ದಾಟಿದರೆ ಒದ್ದಾಡಲು ಶುರು. ಪಕ್ಕೆ ನೋಡಿ ಉಸಿರು ಎಣಿಸಿ: ನಿಮಿಷಕ್ಕೆ 60 ದಾಟಿದರೆ ಬಿಸಿ ತಟ್ಟಿದೆ, 80 ದಾಟಿ ಬಾಯಿ ತೆರೆದು ಜೊಲ್ಲು ಸುರಿಸಿದರೆ ಮನೆಯವರೆಲ್ಲ ಓಡಿ ಬರಬೇಕು. ಕೊಟ್ಟಿಗೆಯ ಉದ್ದ ಪೂರ್ವ ಪಶ್ಚಿಮಕ್ಕೆ ಇರಬೇಕು, ಸೂರಿನ ಅಂಚು ಹತ್ತಡಿಯಾದರೂ ಎತ್ತರ ಬೇಕು, ಗೋಡೆ ಎದೆಮಟ್ಟಕ್ಕೆ ಸಾಕು, ಗಾಳಿ ಆಡಬೇಕು. ಕಟ್ಟಿದ್ದು ಕಟ್ಟಿಯಾಯಿತು ಎನ್ನುವವರು ತಗಡಿನ ಮೇಲೆ ಗೇಣುದ್ದ ಕಬ್ಬಿನ ರವದಿ (ಒಣಗಿದ ಗರಿ) ಹೊದಿಸಿದರೂ ಒಳಗಿನ ಕಾವು ಇಳಿಯುತ್ತದೆ. ಆ ರವದಿಯನ್ನು ನಾವು ಹೊಲದಲ್ಲೇ ಬೆಂಕಿಗೆ ಕೊಡುತ್ತೇವೆ, ಹೊಗೆಯಲ್ಲಿ ನಿಂತು ಕೆಮ್ಮುತ್ತ ಬಿಸಿಲನ್ನು ಬೈಯುತ್ತೇವೆ.

ನೀರನ್ನು ಮಂಜಿನಂತೆ ಚಿಮ್ಮಿಸುವ ಫಾಗರ್ ಹಾಕಿಸಿದವರೂ ಇದ್ದಾರೆ. ಫಾಗರ್ ಇದೆ, ಫ್ಯಾನ್ ಇಲ್ಲ. ಮುಚ್ಚಿದ ಕೊಟ್ಟಿಗೆಯಲ್ಲಿ ಹಬೆ ನಿಂತು ಆಕಳು ಇಡ್ಲಿ ಪಾತ್ರೆಯಲ್ಲಿ ಕೂತಂತಾಗುತ್ತದೆ. ಚರ್ಮ ತೊಯ್ಯುವಷ್ಟು ನೀರು, ಆಮೇಲೆ ಅದು ಆರುವಷ್ಟು ಗಾಳಿ, ಮತ್ತೆ ನೀರು. ಆರುವಾಗಲೇ ತಂಪು. ಒಣ ಮೇವನ್ನು ರಾತ್ರಿಗೆ ಹಾಕಿ, ಮೇವು ಹೊಟ್ಟೆಯಲ್ಲಿ ಹುದುಗುವಾಗಿನ ಬಿಸಿ ತಂಪು ಹೊತ್ತಿನಲ್ಲಿ ಕಳೆಯಲಿ. ಇದನ್ನೆಲ್ಲ ಹೇಳಿದರೆ ಕೇಳುವವರಿಗೆ ಆಕಳಿಕೆ. ಗೋವು ತಾಯಿಯೋ ಯಂತ್ರವೋ ಎಂದರೆ ಎದ್ದು ಕೂರುತ್ತಾರೆ.

ಕಬ್ಬು ಬಂತಲ್ಲ, ಅದನ್ನೂ ಮುಗಿಸಿಬಿಡೋಣ. ಅಥಣಿ, ರಾಯಬಾಗ, ಮುಧೋಳ, ಜಮಖಂಡಿ ಸೀಮೆಯಲ್ಲಿ ಕಾರ್ಖಾನೆ ಹೊಗೆ ಬಿಟ್ಟಿತೆಂದರೆ ಆಕಳಿಗೆ ಮೂರು ಹೊತ್ತೂ ಕಬ್ಬಿನ ವಾಡಿ, ಅಂದರೆ ತುದಿಯ ಹಸಿ ಸೋಗೆ. ಪುಕ್ಕಟೆ ಹಸಿರು, ಬಿಟ್ಟವರುಂಟೇ? ವಾಡಿಯಲ್ಲಿ ಆಕ್ಸಲೇಟ್ ಇದೆ, ಅದು ಸುಣ್ಣದ ಅಂಶವನ್ನು ಕಟ್ಟಿ ಹಾಕಿ ಸಗಣಿಯಲ್ಲಿ ಹೊರಗೆ ಸಾಗಿಸುತ್ತದೆ. ಹಾಲಿಗೆ ಬೇಕಾದ ಸುಣ್ಣವನ್ನು ಆಕಳು ತನ್ನ ಎಲುಬಿನಿಂದ ಕೊಡಬೇಕು. ಮೂರು ನಾಲ್ಕು ತಿಂಗಳು ಹೀಗೆ ನಡೆದರೆ ಬೆದೆಗೆ ಸರಿಯಾಗಿ ಬರುವುದಿಲ್ಲ, ಗೋಡೆ ನೆಕ್ಕುತ್ತದೆ, ಈದ ಎರಡನೇ ದಿನ ಕಿವಿ ತಣ್ಣಗಾಗಿ, ಕುತ್ತಿಗೆ ಪಕ್ಕೆಗೆ ತಿರುವಿ ಮಲಗಿಬಿಡುತ್ತದೆ. ಆಗ ಪಶು ಸಹಾಯವಾಣಿ 1962ಕ್ಕೆ ಫೋನು. ಡಾಕ್ಟರು ಬಂದು 450 ಮಿಲಿಯ ಕ್ಯಾಲ್ಸಿಯಂ ಬಾಟಲಿಯನ್ನು ಎದೆಬಡಿತ ನೋಡುತ್ತ ನಿಧಾನ ಏರಿಸಬೇಕು, ಅವಸರ ಮಾಡಿದರೆ ಹೃದಯವೇ ನಿಂತೀತು. ಏರಿದ ಮೇಲೆ ಆಕಳು ತೇಗಿ, ಸಗಣಿ ಹಾಕಿ, ಎದ್ದು ನಿಲ್ಲುವುದನ್ನು ಕಂಡವರು ಅದನ್ನು ಪವಾಡ ಎನ್ನುತ್ತಾರೆ. ಮರುದಿನ ಮತ್ತೆ ವಾಡಿ. ಹಸಿ ಮೇವಿನಲ್ಲಿ ವಾಡಿ ಮೂರರಲ್ಲಿ ಒಂದು ಪಾಲು ಮೀರದೆ, ಜೊತೆಗೆ ಕುದುರೆಮೆಂತೆ, ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಇದ್ದರೆ ಪವಾಡ ಬೇಕಾಗುವುದಿಲ್ಲ. ಖನಿಜ ಮಿಶ್ರಣದ ಚೀಲ ಬಹಳ ಮನೆಗಳಲ್ಲಿ ಇದೆ. ಮಾಳಿಗೆ ಮೇಲೆ, ಕಟ್ಟಿದ ದಾರ ಬಿಚ್ಚದೆ.

ಪೇಟೆಯ ಭಕ್ತರನ್ನು ಬಿಟ್ಟರೆ ಅವರು ಬೇಜಾರಾದಾರು. ಅಮಾವಾಸ್ಯೆಗೆ ಬುಟ್ಟಿ ಹೋಳಿಗೆ, ಮದುವೆ ಮನೆಯಲ್ಲಿ ಉಳಿದ ಕೊಳಗ ಅನ್ನ, ಎಲ್ಲ ಒಂದೇ ಆಕಳಿಗೆ. ಹುಲ್ಲು ಅರಗಿಸುವ ಹೊಟ್ಟೆಗೆ ಬೆಲ್ಲ, ಅನ್ನ ಏಕಾಏಕಿ ಬಿದ್ದರೆ ಒಳಗೆ ಹುಳಿ ಏರಿ ಮೆಲುಕು ನಿಲ್ಲುತ್ತದೆ, ಹೊಟ್ಟೆ ನೀರು ತುಂಬಿದ ಚೀಲದಂತೆ ತುಳುಕುತ್ತದೆ, ಎರಡು ದಿನದಲ್ಲಿ ಆಕಳು ಹೋಗುತ್ತದೆ. ಹೋಳಿಗೆ ಕೊಟ್ಟವರು ಅಷ್ಟೊತ್ತಿಗೆ ಪುಣ್ಯ ಜಮಾ ಮಾಡಿಕೊಂಡಾಗಿರುತ್ತದೆ. ಉಳಿದದ್ದನ್ನು ಕ್ಯಾರಿ ಬ್ಯಾಗಿಗೆ ತುಂಬಿ, ಬಾಯಿಗೆ ಗಂಟು ಹಾಕಿ ರಸ್ತೆಗೆ ಎಸೆಯುತ್ತಾರೆ. ಆಕಳಿಗೆ ಗಂಟು ಬಿಚ್ಚಲು ಬೆರಳಿಲ್ಲ. ಚೀಲ ಸಮೇತ ನುಂಗುತ್ತದೆ. ಹಾಗೆ ನುಂಗುತ್ತಿರುವಾಗಲೇ ಇನ್ನೊಬ್ಬರು ಬೈಕು ನಿಲ್ಲಿಸಿ, ಅದರ ಬೆನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ.

ಕಾನೂನು ಇಲ್ಲವೇ ಎಂದರೆ ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮು: ಸಾಕಷ್ಟು ಮೇವು, ನೀರು, ನೆರಳು ಕೊಡದಿರುವುದು ಅಪರಾಧ, ತೀರ ಗಿಡ್ಡ ಹಗ್ಗದಲ್ಲಿ ಹೊತ್ತುಗಟ್ಟಲೆ ಕಟ್ಟುವುದು ಅಪರಾಧ. ಮೊದಲ ಸಲಕ್ಕೆ ದಂಡ ಹತ್ತು ರೂಪಾಯಿಗೆ ಕಡಿಮೆಯಿಲ್ಲ, ಐವತ್ತಕ್ಕೆ ಮೇಲಿಲ್ಲ. ದಂಡ ಏರಿಸುವ ಕರಡೊಂದು 2022ರಲ್ಲಿ ಸಾರ್ವಜನಿಕರ ಅಭಿಪ್ರಾಯಕ್ಕೆ ಬಂತು. ಅಭಿಪ್ರಾಯಕ್ಕೇನು, ನಮ್ಮಲ್ಲಿ ಬರಗಾಲವೇ? ಆಕಳನ್ನು ಕಡಿದರೆ ರಾಜ್ಯದ ಕಾಯ್ದೆಯಲ್ಲಿ 3ರಿಂದ 7 ವರ್ಷ ಜೈಲು, 50 ಸಾವಿರದಿಂದ 5 ಲಕ್ಷ ದಂಡ. ಅದೇ ಆಕಳನ್ನು ತಗಡಿನ ಕೆಳಗೆ ಗಿಡ್ಡ ಹಗ್ಗಕ್ಕೆ ಕಟ್ಟಿ ನೀರಿಲ್ಲದೆ ಒಣಗಿಸಿದರೆ 50 ರೂಪಾಯಿ. ಹೆಚ್ಚುಕಡಿಮೆ ಒಂದು ಲೀಟರ್ ಹಾಲಿನ ರೇಟು.

ಹೋರಿಗರುವಿನ ಸಂಗತಿಯಲ್ಲಿ ಆ ಐವತ್ತನ್ನೂ ಕೇಳುವವರಿಲ್ಲ. ಈದ ಆಕಳುಗಳಲ್ಲಿ ಅರ್ಧಕ್ಕೆ ಗಂಡುಗರು. ಎಚ್‌ಎಫ್ ಹೋರಿಗೆ ಡುಬ್ಬವಿಲ್ಲ, ನೊಗ ನಿಲ್ಲುವುದಿಲ್ಲ, ಬಿಸಿಲಿಗೆ ಗಳೆ ಹೊಡೆಯಲಾಗದು, ಹೊಡೆಯಲು ಟ್ರ್ಯಾಕ್ಟರ್ ಇದೆ. ಕೊಳ್ಳುವವರಿಲ್ಲ. 30 ಕೆಜಿ ತೂಗುವ ಕರುವಿಗೆ ಮೊದಲ ದಿನ ಮೂರು ಲೀಟರ್ ಗಿಣ್ಣದ ಹಾಲು ಬೇಕು, ಅದರಲ್ಲಿ ಅರ್ಧ ಮೊದಲ ಎರಡು ತಾಸಿನೊಳಗೆ. 24 ತಾಸು ಕಳೆದರೆ ಕೊಟ್ಟರೂ ರೋಗ ತಡೆಯುವ ಶಕ್ತಿ ಕರುಳು ದಾಟುವುದಿಲ್ಲ. ಹೆಣ್ಣುಗರುವಿಗೆ ಇದು ಸಿಗುತ್ತದೆ. ಗಂಡಿನ ಪಾಲಿನದು ಗಿಣ್ಣವಾಗಿ ನೆರೆಮನೆಗೆ ಹೋಗುತ್ತದೆ. ಐದನೇ ದಿನ ಬಿಳಿ ಭೇದಿ, ಎಂಟನೇ ದಿನ ಇಲ್ಲ. ಕೇಳಿದರೆ "ಬಾಳಲಿಲ್ರಿ" ಎನ್ನುತ್ತಾರೆ. ಬಾಳಿದ್ದನ್ನು ರಾತ್ರಿ ಗಾಡಿಯಲ್ಲಿ ತಂದು ಹೆದ್ದಾರಿ ಬದಿಗೆ ಬಿಡುತ್ತಾರೆ. ಇದನ್ನು ಮಾಡುವವರು ಕಟುಕರಲ್ಲ. ಹಬ್ಬಕ್ಕೆ ಆಕಳ ಪೂಜೆ ಮಾಡುವವರೇ. ಅವರ ಮೇಲೆ ಸಿಟ್ಟು ಬರುತ್ತದೆ, ಅವರ ಸಾಲದ ಪುಸ್ತಕ ನೋಡಿದರೆ ಸಿಟ್ಟು ಯಾರ ಮೇಲೆ ಹಾಕಬೇಕೆಂದು ತಿಳಿಯುವುದಿಲ್ಲ. ಗೋಶಾಲೆಗೆ ಕೊಡಿ ಎನ್ನುತ್ತಾರೆ. 2022ರ ಪುಣ್ಯಕೋಟಿ ದತ್ತು ಯೋಜನೆಯಲ್ಲಿ ಗೋಶಾಲೆಯ ಒಂದು ಆಕಳಿಗೆ ದತ್ತು ಪಡೆದವರು ಕೊಡುವುದು ವರ್ಷಕ್ಕೆ 11 ಸಾವಿರ, ಅಂದರೆ ದಿನಕ್ಕೆ 30 ರೂಪಾಯಿ. ಬರದ ವರ್ಷದಲ್ಲಿ ಜೋಳದ ಕಣಿಕೆ ಕೊಂಡವರು 30 ರೂಪಾಯಿಗೆ ಎಷ್ಟು ಬರುತ್ತದೆಂದು ಹೇಳಲಿ. ಕಾಯ್ದೆ ಮಾಡಿದವರು ಈ ಕರುಗಳು ಎಲ್ಲಿಗೆ ಹೋಗಬೇಕೆಂದು ಬರೆಯಲಿಲ್ಲ. ಕಾಯ್ದೆ ಬೇಡ ಎಂದವರೂ ಬರೆಯಲಿಲ್ಲ. ಹಾಲೇ ಬೇಡ ಎಂದವರು ಬಾದಾಮಿ ನೆನೆಹಾಕಲು ಹೋದರು.

ಚರ್ಚೆ ಮುಗಿಯುವಾಗ ನಿರೂಪಕರು ಆರನೇ ಚೌಕಕ್ಕಾಗಿ ಇನ್ನೊಮ್ಮೆ ಯತ್ನಿಸಿದರು. "ಹಲೋ, ನಮ್ಮ ಧ್ವನಿ ಕೇಳಿಸ್ತಿದೆಯಾ?" ಅತ್ತ ಮತ್ತೆ ಅದೇ ಚರ್ ಚರ್. ತಾಂತ್ರಿಕ ಅಡಚಣೆ ಎಂದು ವಿಷಾದಿಸಿ ಜಾಹೀರಾತಿಗೆ ಹೋದರು.

ಅಡಚಣೆ ಏನೂ ಇರಲಿಲ್ಲ. ಕೆಚ್ಚಲು ತೊಳೆದ ಮೇಲೆ ಆಕಳು ತೊರೆ ಬಿಡುವುದು ಆರೇಳು ನಿಮಿಷ, ಅಷ್ಟರಲ್ಲಿ ಕರೆದು ಮುಗಿಸಬೇಕು. ಫೋನು ಮೇವು ಹಾಕುವ ಗ್ವಾದಲಿಯ ಕಟ್ಟೆ ಮೇಲಿತ್ತು. ಬಕೆಟ್ಟಿನೊಳಗೆ ಹಾಲು ಬೀಳುತ್ತಿತ್ತು.